ಸಾಗಣೆ ವಿಮಾನದಿಂದ ಬಾಂಬು ಉರುಳಿಸಿದ್ದು ನಿಜವೇ? ನಿಜವಾದರೆ ಅದನ್ನು ಮಕ್ಕಳಿಗೆ ಹೇಗೆ ಹೇಳಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರು ನಗರದ ಅಂಚಿನಲ್ಲಿರುವ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ವಿಜಯ ದಿವಸದ ಅಂಗವಾಗಿ ನಡೆದ ಭಾಷಣ ಸ್ಪರ್ಧೆಯೊಂದರಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗಿ ಯುದ್ಧವಿಮಾನಗಳ ಸುದ್ದಿಯನ್ನೇ ಎತ್ತದೆ, ಅಕ್ಕಿ ಮೂಟೆಯನ್ನೂ ಮದ್ದುಗುಂಡನ್ನೂ ಸೈನಿಕರನ್ನೂ ಹೊತ್ತೊಯ್ಯುವ ಸಾಗಣೆ ವಿಮಾನಗಳ ಬಗ್ಗೆ ಮಾತನಾಡಿದಳು. 1947-48ರ ಕಾಶ್ಮೀರ ಯುದ್ಧದಲ್ಲಿ ಪೂಂಛ್ ಪಟ್ಟಣಕ್ಕೆ ಮುತ್ತಿಗೆ ಬಿದ್ದ ಕಾಲದಲ್ಲಿ ಡಕೋಟಾ ವಿಮಾನದ ಬಾಗಿಲಿನಿಂದ ಬಾಂಬುಗಳನ್ನು ಕೈಯಿಂದಲೇ ಹೊರಕ್ಕೆ ಉರುಳಿಸಿದರೆಂದೂ, 1971ರಲ್ಲಿ ಆಂಟನೋವ್ ವಿಮಾನಗಳು ರಾತ್ರಿ ಹೊತ್ತು ಅದೇ ಕೆಲಸ ಮಾಡಿದವೆಂದೂ ಹೇಳಿದಾಗ ತೀರ್ಪುಗಾರರಲ್ಲಿ ಒಬ್ಬರು ಇದು ಸಿನಿಮಾ ಕಥೆಯೆಂದು ನಕ್ಕು ಅಂಕ ಕಳೆದರು. ಹುಡುಗಿ ಎರಡು ದಿನ ಸಪ್ಪಗಿದ್ದಳು. ನನಗೂ ಆ ಕ್ಷಣದಲ್ಲಿ ಅವಳ ಪರವಾಗಿ ನಿಲ್ಲುವಷ್ಟು ವಿಷಯ ತಿಳಿದಿರಲಿಲ್ಲ ಎಂಬುದು ಇನ್ನೂ ಚುಚ್ಚುತ್ತಿದೆ.

ಆದ್ದರಿಂದ ಮೊದಲ ಪ್ರಶ್ನೆ, ಇದು ನಡೆದದ್ದೇ? ಎರಡನೆಯದು ನನಗೆ ಹೆಚ್ಚು ಕಷ್ಟದ್ದು. ಅವಳು ತನ್ನ ಭಾಷಣವನ್ನು "ನಿಯಮ ಮುರಿದವನೇ ವೀರ" ಎಂಬ ಮಾತಿನಿಂದ ಮುಗಿಸಿದಳು, ಸಭೆಯಲ್ಲಿ ಚಪ್ಪಾಳೆ ಬಿತ್ತು. ಒಂದೇ ಬೈಕಿನಲ್ಲಿ ಮೂವರು ಕುಳಿತು ಹೆದ್ದಾರಿಗೆ ಇಳಿಯುವ ನಮ್ಮ ಹತ್ತನೇ ತರಗತಿಯ ಹುಡುಗರಿಗೆ ಆ ವಾಕ್ಯ ಎಲ್ಲರಿಗಿಂತ ಹೆಚ್ಚು ಹಿಡಿಸಿತು. ಆ ಪೈಲಟ್‌ಗಳು ಮಾಡಿದ್ದು ನಿಯಮ ಮುರಿಯುವುದೇ, ಅಥವಾ ಬೇರೇನಾದರೂ ಆಗಿತ್ತೇ? ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ವಾಯುಸೈನಿಕ, ಮಾಲೂರು

ಮೇಡಂ ಅವರಿಗೆ ನಮಸ್ಕಾರ. ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿದ್ದಷ್ಟು ಕಾಲ ವಿಮಾನದೊಳಗೆ ಸರಕು ತುಂಬಿಸಿ, ಬಿಗಿದು, ತೂಕದ ಲೆಕ್ಕ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಹೀಗಾಗಿ ಈ ವಿಷಯವನ್ನು ನಾನು ಕಾಕ್‌ಪಿಟ್‌ನಿಂದಲ್ಲ, ವಿಮಾನದ ಹೊಟ್ಟೆಯೊಳಗಿನಿಂದ ನೋಡಿದವನೆಂದು ತಿಳಿಯಿರಿ.

ನಿಮ್ಮ ವಿದ್ಯಾರ್ಥಿನಿ ಹೇಳಿದ್ದು ನಿಜ, ಅಂಕ ಕಳೆದವರು ತಪ್ಪು ಮಾಡಿದ್ದಾರೆ. 1947-48ರ ಕಾಶ್ಮೀರ ಯುದ್ಧದಲ್ಲಿ ನಮ್ಮ ಬಳಿ ಸಾಕಷ್ಟು ಬಾಂಬರ್ ವಿಮಾನಗಳಿರಲಿಲ್ಲ, ಡಕೋಟಾಗಳಿದ್ದವು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲ ತುಕಡಿಯನ್ನು ದೆಹಲಿಯಿಂದ ಶ್ರೀನಗರದ ಮಣ್ಣಿನ ರನ್‌ವೇಗೆ ಇಳಿಸಿದ್ದೂ ಅವೇ. ಅದೇ ವರ್ಷದ ಡಿಸೆಂಬರ್‌ನಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಮುತ್ತಿಗೆಗೆ ಸಿಕ್ಕ ಪೂಂಛ್‌ನಲ್ಲಿ, ನಿರಾಶ್ರಿತರೇ ಗುದ್ದಲಿ ಹಿಡಿದು ಸಮ ಮಾಡಿಕೊಟ್ಟಿದ್ದ ಒಂದು ಗಿಡ್ಡ ಪಟ್ಟಿಯ ಮೇಲೆ ಡಕೋಟಾ ಇಳಿಸಿದರು. ಹೋಗುವಾಗ ಮದ್ದುಗುಂಡು ಮತ್ತು ಆಹಾರ, ಬರುವಾಗ ಗಾಯಾಳುಗಳು ಮತ್ತು ನಿರಾಶ್ರಿತರು. ಸುತ್ತಲಿನ ಗುಡ್ಡಗಳಿಂದ ಬೀಳುತ್ತಿದ್ದ ತೋಪಿನ ಹೊಡೆತ ತಡೆಯಲು ಇದೇ ಡಕೋಟಾಗಳಿಂದ ಬಾಂಬುಗಳನ್ನು ಉರುಳಿಸಲಾಯಿತು.

ಉರುಳಿಸುವುದು ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಚಪ್ಪಾಳೆ ಬೀಳಬೇಕಾದದ್ದು ಇಲ್ಲಿ. ಡಕೋಟಾದ ಸರಕಿನ ಬಾಗಿಲು ಎಡ ಮಗ್ಗುಲಲ್ಲಿ, ರೆಕ್ಕೆಗಿಂತ ಹಿಂದೆ ಇದೆ. ಬಾಂಬನ್ನು ಅಲ್ಲಿಗೆ ತಳ್ಳಿಕೊಂಡು ಬಂದರೆ ಅದರ ತೂಕವೂ ತಳ್ಳುವವರ ತೂಕವೂ ಒಟ್ಟಿಗೆ ಬಾಲದ ಕಡೆ ಸೇರಿ ಮೂಗು ಮೇಲೇಳುತ್ತದೆ. ಪೈಲಟ್ ಅದನ್ನು ಒತ್ತಿ ಹಿಡಿದಿರುವಾಗಲೇ ಬಾಂಬು ಹೊರಗೆ ಬಿದ್ದುಬಿಡುತ್ತದೆ, ಮೂಗು ತಕ್ಷಣ ಕೆಳಗಿಳಿಯುತ್ತದೆ. ರಾತ್ರಿಯ ಕತ್ತಲಲ್ಲಿ, ಬೆಟ್ಟಗಳ ನಡುವೆ, ಒಳಗಿನವರು ಬಾಯಲ್ಲಿ ಕೂಗುವುದು ಎಂಜಿನ್ ಸದ್ದಿಗೆ ಕೇಳಿಸದಿರುವಾಗ ಈ ತೂಗಾಟ ಪ್ರತಿ ಬಾಂಬಿಗೂ ಒಮ್ಮೆ ನಡೆಯುತ್ತದೆ. ಗುರಿ ನೋಡುವ ಸಾಧನ ಆ ವಿಮಾನದಲ್ಲಿರಲಿಲ್ಲ. ಗಂಟೆಗೆ 250 ಕಿ.ಮೀ. ವೇಗದಲ್ಲಿ ವಿಮಾನ ಒಂದು ಸೆಕೆಂಡಿಗೆ 70 ಮೀಟರ್ ಮುಂದೆ ಹೋಗುತ್ತದೆ, ಅಂದರೆ ತಳ್ಳುವವನ ಕಾಲು ಒಂದು ಸೆಕೆಂಡ್ ಜಾರಿದರೆ ಬಾಂಬು 70 ಮೀಟರ್ ಆಚೆ ಬಿತ್ತು.

1971ರಲ್ಲಿ ಇದೇ ಉಪಾಯ ದೊಡ್ಡ ಪ್ರಮಾಣದಲ್ಲಿ, ಸಾಕಷ್ಟು ಮುಂಚಿತ ಸಿದ್ಧತೆಯೊಂದಿಗೆ ಮರಳಿ ಬಂದಿತು. ವಾಯುಪಡೆಯ 44ನೇ ಸ್ಕ್ವಾಡ್ರನ್ನಿನ (ವಿಮಾನ ದಳದ) ಆಂಟನೋವ್-12 ವಿಮಾನಗಳ ಹಿಂಬಾಗಿಲಿನಿಂದ ಬಾಂಬುಗಳು ಜಾರಿ ಹೋಗುವಂತೆ ಏರ್ಪಾಡು ಮಾಡಿಕೊಂಡು, ಡಿಸೆಂಬರ್ 3ರ ರಾತ್ರಿಯೇ ಲಾಹೋರಿನ ನೈಋತ್ಯಕ್ಕಿರುವ ಛಾಂಗಾ ಮಾಂಗಾ ಕಾಡಿನ ಮದ್ದುಗುಂಡಿನ ದಾಸ್ತಾನಿನ ಮೇಲೆ ದಾಳಿ ನಡೆಸಲಾಯಿತು. ನೇತೃತ್ವ ವಹಿಸಿದ್ದ ವಿಂಗ್ ಕಮಾಂಡರ್ ವಶಿಷ್ಠ್ ಅವರಿಗೆ ಮಹಾವೀರ ಚಕ್ರ ಬಂದಿತು. ಕಾಶ್ಮೀರದ ಹಾಜಿ ಪೀರ್ ಪ್ರದೇಶದ ಫಿರಂಗಿ ನೆಲೆಯ ಮೇಲೂ ಹೀಗೆಯೇ ದಾಳಿಯಾಯಿತು. ಗುರಿಗಳನ್ನು ಗಮನಿಸಿ ಮೇಡಂ: ಒಂದು ಕಾಡು, ಒಂದು ವಿಸ್ತಾರವಾದ ಫಿರಂಗಿ ನೆಲೆ. ನೂರಿನ್ನೂರು ಮೀಟರ್ ತಪ್ಪಿದರೂ ವ್ಯರ್ಥವಾಗದಂಥ ಗುರಿಯನ್ನೇ ಈ ವಿಮಾನಕ್ಕೆ ಕೊಟ್ಟಿದ್ದರು. ಸಣ್ಣ ಸೇತುವೆಯೊಂದನ್ನು ಹೊಡೆದು ಬಾ ಎಂದು ಕಳುಹಿಸಿದ್ದರೆ ಅದು ನಿಜಕ್ಕೂ ಹುಚ್ಚಾಟವಾಗುತ್ತಿತ್ತು.

ಉತ್ತರ 2: ಲಾರಿ ಮಾಲೀಕ, ಚಿಂತಾಮಣಿ

ಟೊಮೆಟೊ ಕಾಲದಲ್ಲಿ ಕೋಲಾರದ ಮಾರುಕಟ್ಟೆಯ ಮುಂದೆ ಬಂದು ನಿಂತು ನೋಡಿ, ನಮ್ಮ ಚಾಲಕರೆಲ್ಲರೂ ಮೆಹರ್ ಸಿಂಗರೇ. ಹದಿನೈದು ಕೆ.ಜಿ.ಯ ಬಾಕ್ಸುಗಳನ್ನು ಮಿತಿಗಿಂತ ಎರಡು ಸಾಲು ಹೆಚ್ಚಾಗಿ ಏರಿಸಿಕೊಂಡು ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಇಳಿಯುತ್ತಾರೆ. ಅವರಿಗೆ ಯಾರೂ ಚಕ್ರ ಕೊಟ್ಟಿಲ್ಲ. ಹಾಸ್ಯಕ್ಕೆ ಹೇಳಿದೆ, ಆದರೆ ಪ್ರಶ್ನೆ ಮಾತ್ರ ಹಾಸ್ಯದ್ದಲ್ಲ. ಮಿತಿ ಮೀರಿ ಹೇರುವುದು ಇವರದಾದರೆ ತಪ್ಪು, ಅವರದಾದರೆ ಸಾಹಸ ಹೇಗಾಗುತ್ತದೆ?

ಉತ್ತರ 3: ಹೆಲಿಕಾಪ್ಟರ್ ತಂತ್ರಜ್ಞ, ಗುಬ್ಬಿ

ಲಾರಿ ಮಾಲೀಕರ ಪ್ರಶ್ನೆಗೆ ಲೆಕ್ಕದ ದಾರಿಯಿಂದ ಉತ್ತರಿಸಲು ಯತ್ನಿಸುತ್ತೇನೆ. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ನಮ್ಮೂರಿನ ಹೋಟೆಲುಗಳಲ್ಲೂ ಗಾಳಿಯ ಸಾಂದ್ರತೆಯ ಮಾತು ಕೇಳಿಬರುತ್ತಿದೆ, ಆದ್ದರಿಂದ ಯಾರೂ ಗಾಬರಿಯಾಗಬೇಕಿಲ್ಲ.

1948ರ ಮೇ 24ರಂದು ಮೆಹರ್ ಸಿಂಗ್ ಅವರು ಲೇಹ್‌ನಲ್ಲಿ ಡಕೋಟಾ ಇಳಿಸಿದ್ದನ್ನು ತೆಗೆದುಕೊಳ್ಳಿ. ಪಕ್ಕದಲ್ಲಿದ್ದವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು. ಕೆಳಗೆ ಪಟ್ಟಿಯನ್ನು ಸಿದ್ಧಪಡಿಸಿದ್ದವರು ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೋರ್ಬು. ಲೇಹ್ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 10,700 ಅಡಿ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕಡಲ ತೀರದ ಗಾಳಿಯ ಶೇ 72ರಷ್ಟು ಮಾತ್ರ. ರೆಕ್ಕೆಗೆ ಅಷ್ಟೇ ಎತ್ತುವ ಬಲ ಸಿಗಬೇಕಾದರೆ ವಿಮಾನ ಸುಮಾರು ಶೇ 18ರಷ್ಟು ಹೆಚ್ಚು ವೇಗದಲ್ಲಿ ನೆಲಕ್ಕೆ ಬರಬೇಕು. ವಂಚನೆ ಏನೆಂದರೆ, ಪೈಲಟ್‌ನ ಮುಂದಿರುವ ವೇಗಮಾಪಕವೂ ಗಾಳಿಯ ಒತ್ತಡವನ್ನೇ ಅಳೆಯುವುದರಿಂದ ಅದು ಎಂದಿನ ಸಂಖ್ಯೆಯನ್ನೇ ತೋರಿಸುತ್ತದೆ. ಕಣ್ಣಿಗೆ ಮಾತ್ರ ನೆಲ ವಿಪರೀತ ಓಡುತ್ತಿರುವಂತೆ ಕಾಣುತ್ತದೆ. ಕಣ್ಣನ್ನು ನಂಬಿ ವೇಗ ತಗ್ಗಿಸಿದವನು ಪಟ್ಟಿ ಮುಟ್ಟುವ ಮೊದಲೇ ಬೀಳುತ್ತಾನೆ. ವೇಗ ಶೇ 18ರಷ್ಟು ಹೆಚ್ಚಿದರೆ ಚಲನಶಕ್ತಿ ಸುಮಾರು ಶೇ 39ರಷ್ಟು ಹೆಚ್ಚುತ್ತದೆ, ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ.

ಇದರ ಮೇಲೆ ಇನ್ನೊಂದು. ದಾರಿಯಲ್ಲಿ ಎದುರಾಗುವ ಫೋತು ಲಾ ಕಣಿವೆಮಾರ್ಗವೇ 13,400 ಅಡಿಗಿಂತ ಎತ್ತರದಲ್ಲಿದೆ, ಸುತ್ತಲ ಶಿಖರಗಳು ಅದಕ್ಕಿಂತಲೂ ಬಹಳ ಎತ್ತರ. ಭಾರ ತುಂಬಿದ ಡಕೋಟಾದ ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೂ ಆ ಎತ್ತರದಲ್ಲಿ ಉಳಿಯಲಾಗದು. ಗಾಳಿಯ ಒತ್ತಡ ಕಾಯ್ದುಕೊಳ್ಳುವ ಕ್ಯಾಬಿನ್ ಆ ವಿಮಾನಕ್ಕೆ ಇರಲಿಲ್ಲ. ಹೀಗಿರುವಾಗ ಅವರು ಬರೀ ಧೈರ್ಯದ ಮೇಲೆ ಹೋದರು ಎಂದರೆ ನಾನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಪ್ರದೇಶದಲ್ಲಿ ಹರಿಕೇನ್ ವಿಮಾನಗಳ 6ನೇ ಸ್ಕ್ವಾಡ್ರನ್ನನ್ನು ಮುನ್ನಡೆಸಿ, ತಗ್ಗಿನಲ್ಲಿ ಹಾರುತ್ತಾ ನೆಲವನ್ನು ಓದುವುದನ್ನೇ ಕಸುಬಾಗಿಸಿಕೊಂಡಿದ್ದವರು ಅವರು. ಮೊದಲ ಹಾರಾಟವನ್ನು ಕೈಕೆಳಗಿನವರ ಮೇಲೆ ಹೊರಿಸದೆ ತಾವೇ ಹೋದರು ಎಂಬುದನ್ನೂ ಗಮನಿಸಬೇಕು. ಲಾರಿಯ ಮಾಲೀಕರು ಸ್ಟೀರಿಂಗ್ ಹಿಂದೆ ಕೂರುವುದು ಅಪರೂಪ. ಕ್ಷಮಿಸಿ, ನಾನೂ ಹಾಸ್ಯಕ್ಕೇ ಹೇಳಿದೆ.

ಈ ಜಾಡಿನಲ್ಲಿ ನನಗೆ ತುಂಬ ಇಷ್ಟವಾದದ್ದು ಚೀನಾದ ಒಂದು ಘಟನೆ. ಅದು ಸೈನ್ಯದ ವಿಮಾನವಲ್ಲ, ಯುದ್ಧದ ನಡುವೆ ಹಾರಾಟ ನಡೆಸುತ್ತಿದ್ದ ಅಲ್ಲಿನ ವಿಮಾನ ಸಂಸ್ಥೆಯದು. 1941ರಲ್ಲಿ ಜಪಾನೀಯರ ಬಾಂಬು ದಾಳಿಯಲ್ಲಿ ಡಕೋಟಾದ ನಾಗರಿಕ ರೂಪವಾದ ಒಂದು ಡಿಸಿ-3 ವಿಮಾನದ ರೆಕ್ಕೆ ಹಾಳಾಯಿತು. ಬದಲಿ ರೆಕ್ಕೆ ಸಿಗಲಿಲ್ಲ, ಹಾಂಗ್‌ಕಾಂಗ್‌ನಲ್ಲಿ ಇದ್ದದ್ದು ಅದರ ಹಿಂದಿನ ಮಾದರಿಯಾದ ಡಿಸಿ-2ರ ರೆಕ್ಕೆ, ಸುಮಾರು ಐದು ಅಡಿ ಚಿಕ್ಕದು. ಅದನ್ನೇ ಇನ್ನೊಂದು ವಿಮಾನದ ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಹೋಗಿ, ಜೋಡಿಸಿ, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ರೆಕ್ಕೆಯ ವಿಮಾನವನ್ನು ಹಾಂಗ್‌ಕಾಂಗ್‌ಗೆ ಹಾರಿಸಿಕೊಂಡು ಬಂದರು. ಅದಕ್ಕೆ "ಡಿಸಿ ಎರಡೂವರೆ" ಎಂಬ ಅಡ್ಡಹೆಸರು ಬಿತ್ತು. ಆದರೆ ಎರಡೂ ಮಾದರಿಗಳು ಒಂದೇ ಕಾರ್ಖಾನೆಯ ಒಂದೇ ವಂಶದವು ಎಂಬುದನ್ನು ಆ ಮೆಕ್ಯಾನಿಕ್‌ಗಳು ಬಲ್ಲವರಾಗಿದ್ದರು. ಕೈಗೆ ಸಿಕ್ಕ ಯಾವುದೋ ರೆಕ್ಕೆಯನ್ನು ಅವರು ಕಟ್ಟಲಿಲ್ಲ.

ಉತ್ತರ 4: ಇತಿಹಾಸದ ಹವ್ಯಾಸಿ, ಕೋಲಾರ

ಮೇಲಿನ ಇಬ್ಬರ ಬರಹವನ್ನೂ ಮೆಚ್ಚಿ ಓದಿದೆ. ಆದರೂ ಒಂದು ತಕರಾರು ಇದೆ. ನಾವು ಇಲ್ಲಿ ಮಾತನಾಡುತ್ತಿರುವುದೆಲ್ಲ ಮರಳಿ ಬಂದವರ ಬಗ್ಗೆ. ಅಷ್ಟೇ ಲೆಕ್ಕ ಹಾಕಿ, ಅಷ್ಟೇ ಅನುಭವದೊಂದಿಗೆ ಹೋಗಿ ಬಾರದೇ ಉಳಿದವರ ಉಪಾಯಗಳು ಯಾವ ಭಾಷಣ ಸ್ಪರ್ಧೆಗೂ ಬರುವುದಿಲ್ಲ.

ನನ್ನ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗಿ, 1940ರಲ್ಲಿ ಆರಂಭವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಗಡು ಬಡಿಯುವ ಕೆಲಸಕ್ಕೆ ಸೇರಿದ್ದರು. ಆಗ ಅದು ಅಮೆರಿಕದ ವಾಯುಪಡೆಗೆ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಅಸ್ಸಾಮಿನಿಂದ ಹಿಮಾಲಯದ ಪೂರ್ವ ತುದಿಯನ್ನು ದಾಟಿ ಚೀನಾದ ಕುನ್ಮಿಂಗ್‌ಗೆ ಸರಕು ಒಯ್ಯುತ್ತಿದ್ದ ಮಾದರಿಯ ವಿಮಾನಗಳೂ ಅಲ್ಲಿಗೆ ಬರುತ್ತಿದ್ದವು. ತಾತ ಹೇಳುತ್ತಿದ್ದ ಮಾತೊಂದು ನನಗೆ ನೆನಪಿದೆ: ವಿಮಾನದ ಒಳಗಿನ ನೆಲದ ತಗಡು ಎಲ್ಲಿ ತಗ್ಗಾಗಿದೆಯೋ ನೋಡಿದರೆ ಪೀಪಾಯಿ ಎಲ್ಲಿಟ್ಟಿದ್ದರು, ಎಷ್ಟು ಹೇರಿದ್ದರು ಎಂಬುದು ಗೊತ್ತಾಗುತ್ತಿತ್ತಂತೆ. ಹೊತ್ತವರು ಹೇಳದ ಲೆಕ್ಕವನ್ನು ತಗಡು ಹೇಳುತ್ತಿತ್ತು.

1942ರಿಂದ 1945ರವರೆಗೆ ಆ ದಾರಿಯಲ್ಲಿ ಸಾಗಿಸಿದ ಸರಕು ಸುಮಾರು ಆರೂವರೆ ಲಕ್ಷ ಟನ್. ಕಳೆದುಹೋದ ವಿಮಾನಗಳು ಸುಮಾರು ಆರು ನೂರು. ಆಕಾಶ ತಿಳಿಯಾಗಿದ್ದ ದಿನ ಕೆಳಗೆ ಹೊಳೆಯುವ ಅಲ್ಯೂಮಿನಿಯಂ ಚೂರುಗಳನ್ನೇ ದಾರಿಗುರುತಾಗಿ ಇಟ್ಟುಕೊಂಡು ಹಾರಬಹುದಿತ್ತು ಎಂದು ಪೈಲಟ್‌ಗಳು ಹೇಳಿಕೊಳ್ಳುತ್ತಿದ್ದರು. ಅಲ್ಲಿ ಬಿದ್ದವರೆಲ್ಲ ಲೆಕ್ಕ ತಪ್ಪಿದವರೇನಲ್ಲ, ಹಲವರನ್ನು ಕೊಂದದ್ದು ಮಂಜುಗಡ್ಡೆ ಮತ್ತು ಬಿರುಗಾಳಿ.

ಇನ್ನೊಂದು ಉದಾಹರಣೆ ನಮ್ಮದೇ. ಕಾರ್ಗಿಲ್ ಯುದ್ಧದಲ್ಲಿ, ಮೂಲತಃ ಜನರನ್ನೂ ಸರಕನ್ನೂ ಸಾಗಿಸುವ ಎಂಐ-17 ಹೆಲಿಕಾಪ್ಟರ್‌ಗಳಿಗೆ ರಾಕೆಟ್ ಕಟ್ಟಿ ದಾಳಿಗೆ ಕಳುಹಿಸಲಾಯಿತು. 1999ರ ಮೇ 28ರಂದು ತೊಲೋಲಿಂಗ್ ಬಳಿ ಅವುಗಳಲ್ಲಿ ಒಂದನ್ನು ಭುಜದ ಮೇಲಿಂದ ಹಾರಿಸುವ ಕ್ಷಿಪಣಿ ಹೊಡೆದುರುಳಿಸಿತು. ಅದರಲ್ಲಿದ್ದ ನಾಲ್ವರೂ ಮಡಿದರು. ಶಾಖ ಹುಡುಕಿಕೊಂಡು ಬರುವ ಕ್ಷಿಪಣಿಯನ್ನು ದಾರಿ ತಪ್ಪಿಸುವ ಬೆಂಕಿಯುಂಡೆಗಳ ಸಾಧನ ಆ ಹೆಲಿಕಾಪ್ಟರಿನಲ್ಲಿ ಇರಲಿಲ್ಲ. ಆ ಬಳಿಕ ಹೆಲಿಕಾಪ್ಟರ್‌ಗಳನ್ನು ದಾಳಿಯ ಕೆಲಸದಿಂದ ಹಿಂದಕ್ಕೆ ಕರೆಸಲಾಯಿತು. ಛಾಂಗಾ ಮಾಂಗಾ ಉಪಾಯವೂ ಇದೂ ಜಾತಿಯಲ್ಲಿ ಒಂದೇ: ಇಲ್ಲದ ಸಾಧನದ ಜಾಗದಲ್ಲಿ ಇರುವುದನ್ನು ನಿಲ್ಲಿಸುವುದು. ಮೊದಲನೆಯದನ್ನು ಕತ್ತಲು ಕಾಪಾಡಿತು, ಎರಡನೆಯದಕ್ಕೆ ಹಗಲು ಬೆಳಕಿನಲ್ಲಿ ಕಾಪಾಡುವವರಿರಲಿಲ್ಲ.

ಲಾರಿ ಮಾಲೀಕರ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬೇರೆ. 1942ರ ಮೇ ತಿಂಗಳಲ್ಲಿ ಜಪಾನೀ ಸೈನ್ಯ ಬರ್ಮಾದ ಮಿಟ್‌ಕೀನಾವನ್ನು ಸಮೀಪಿಸುತ್ತಿದ್ದಾಗ 21 ಪ್ರಯಾಣಿಕರಿಗೆಂದು ಮಾಡಿದ ಡಿಸಿ-3 ವಿಮಾನವೊಂದು 70ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಭಾರತಕ್ಕೆ ಬಂದಿತು. ಕೆಲವೇ ವಾರಗಳ ಹಿಂದಷ್ಟೇ ಟೋಕಿಯೋ ಮೇಲೆ ಬಾಂಬು ಹಾಕಿದ್ದ ಅಮೆರಿಕದ ಪೈಲಟ್ ಡೂಲಿಟಲ್ ಅವರೂ ಆ ಇಕ್ಕಟ್ಟಿನಲ್ಲಿ ನಿಂತು ಬಂದವರು. ಅಲ್ಲಿ ಹತ್ತದೆ ಉಳಿದವರಿಗೆ ಕಾದಿದ್ದದ್ದು ಕಾಡಿನ ದಾರಿ ಇಲ್ಲವೇ ಸೆರೆ. ಅಪಾಯವನ್ನು ಮಿತಿಯ ಪುಸ್ತಕದೊಂದಿಗೆ ಹೋಲಿಸುವ ಬದಲು ಹತ್ತದೆ ಉಳಿದರೆ ಏನಾಗುತ್ತಿತ್ತು ಎಂಬುದರೊಂದಿಗೆ ಹೋಲಿಸಬೇಕಾಗುತ್ತದೆ. ಟೊಮೆಟೊ ಒಂದು ದಿನ ತಡವಾಗಿ ಹೋದರೆ ಮೆತ್ತಗಾಗುತ್ತದೆ, ಅಷ್ಟೇ.

ಉತ್ತರ 5: ನಿವೃತ್ತ ವಾಯುಸೈನಿಕ, ಮಾಲೂರು

ಕೋಲಾರದವರ ತಕರಾರನ್ನು ಒಪ್ಪುತ್ತೇನೆ. ಅದಕ್ಕೆ ಸೇರಿಸಲು ನನ್ನದೇ ಒಂದು ತಪ್ಪು ಇದೆ. ಲಡಾಖಿನ ಕಡೆಗೆ ಸೀಮೆಎಣ್ಣೆ ಕ್ಯಾನುಗಳನ್ನು ಒಯ್ಯುತ್ತಿದ್ದ ಬೆಳಗಿನ ಹಾರಾಟವೊಂದರಲ್ಲಿ, ಸರಕಿನ ಮೇಲೆ ಹೊದೆಸಿದ್ದ ಬಲೆಯ ಒಂದು ಕೊಂಡಿ ನೆಲದ ಬಳೆಗೆ ಸರಿಯಾಗಿ ಕೂತಿರಲಿಲ್ಲ. ಅದನ್ನು ಎಳೆದು ನೋಡಬೇಕಾಗಿದ್ದವನು ನಾನೇ. ಬೆಟ್ಟದ ಮೇಲೆ ಗಾಳಿ ಕುಲುಕಿದಾಗ ಒಂದು ಸಾಲು ಕ್ಯಾನು ಸುಮಾರು ಒಂದು ಮೊಳ ಹಿಂದಕ್ಕೆ ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲ. ಆದರೆ ಕ್ಯಾಪ್ಟನ್ ಹಿಂದಿರುಗಿ ನೋಡದೆಯೇ ಇಂಟರ್‌ಕಾಮ್‌ನಲ್ಲಿ "ಹಿಂದೆ ಏನು ಜಾರಿತು?" ಎಂದು ಹಿಂದಿಯಲ್ಲಿ ಕೇಳಿದರು. ಕೈಯಲ್ಲಿದ್ದ ಕಂಟ್ರೋಲ್ ಅವರಿಗೆ ಹೇಳಿತ್ತು. ನಾನೂ ಇನ್ನೊಬ್ಬನೂ ಸೇರಿ, ಬೆರಳು ಮರಗಟ್ಟುವ ಚಳಿಯಲ್ಲಿ ಹೆಚ್ಚುವರಿ ಪಟ್ಟಿ ಬಿಗಿದೆವು. ಇಳಿದ ಮೇಲೆ ಅವರು ಬೈಯಲಿಲ್ಲ, ಲೋಡ್ ಶೀಟ್ ಮುಂದಿಟ್ಟು ಏನಾಯಿತೋ ಅದನ್ನು ನನ್ನ ಕೈಯಿಂದಲೇ ಬರೆಸಿದರು.

ಈ ಘಟನೆಯನ್ನು ಹೇಳಿದ್ದಕ್ಕೆ ಕಾರಣವಿದೆ. 1962ರ ಚೀನಾ ಯುದ್ಧದಲ್ಲಿ ಆಂಟನೋವ್-12 ವಿಮಾನಗಳು ಎಎಂಎಕ್ಸ್-13 ಟ್ಯಾಂಕುಗಳನ್ನು ಚಂಡೀಗಡದಿಂದ ಲಡಾಖಿನ ಚುಶೂಲ್‌ಗೆ ಒಯ್ದದ್ದನ್ನು ಎಲ್ಲರೂ ಪೈಲಟ್‌ಗಳ ಸಾಹಸವೆಂದೇ ಹೇಳುತ್ತಾರೆ, ಅದು ಸರಿಯೂ ಹೌದು. ಆದರೆ ಒಂದೊಂದು ಟ್ಯಾಂಕಿನ ತೂಕವೂ ಸುಮಾರು 15 ಟನ್. ಆ ಭಾರ ಚಕ್ರಪಟ್ಟಿಯ ಕೆಳಗಿನ ಎರಡು ಗೆರೆಗಳಲ್ಲೇ ನಿಂತರೆ ವಿಮಾನದ ನೆಲ ತಡೆಯುವುದಿಲ್ಲ. ಮರದ ಹಲಗೆ ಹಾಸಿ ಭಾರವನ್ನು ಹಂಚಿದರು, ಇಂಧನ ಕಡಿಮೆ ಮಾಡಿ ಒಟ್ಟು ತೂಕ ಇಳಿಸಿದರು. ಅದೇ ವರ್ಷದ ಜುಲೈನಲ್ಲಿ ಸ್ಕ್ವಾಡ್ರನ್ ಲೀಡರ್ ರಾಜೆ ಅವರು ಪ್ಯಾಕೆಟ್ ಎಂಬ ಸಾಗಣೆ ವಿಮಾನವನ್ನು ಲಡಾಖಿನಲ್ಲೇ 16,000 ಅಡಿಗಿಂತಲೂ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು. ಆ ಬಗೆಯ ವಿಮಾನಗಳಿಗೆ ಎತ್ತರದ ನೆಲೆಗಳಿಗೆಂದೇ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸುವ ವ್ಯವಸ್ಥೆಯೂ ಬಂದಿತು. ಒಂದು ಮಿತಿಯನ್ನು ಮೀರಬೇಕಾದಾಗ ಇನ್ನೆರಡು ಕಡೆ ಬಿಟ್ಟುಕೊಡುತ್ತಿದ್ದರು ಎಂಬುದನ್ನು ನೋಡಿ. ಭಾರ ಹೆಚ್ಚಾದರೆ ಇಂಧನ ಕಡಿಮೆ, ಗುರಿ ಒರಟಾದರೆ ವಿಸ್ತಾರವಾದ ಗುರಿ, ರಕ್ಷಣೆ ಇಲ್ಲದಿದ್ದರೆ ಕತ್ತಲು. ಹೀಗೆ ಬಿಟ್ಟುಕೊಡಲು ಏನೂ ಉಳಿಯದೆ ಹೋದಾಗಲೇ 1999ರಂಥದ್ದು ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಗಿನವರಿಗೆ ಇದರಲ್ಲಿ ಎಷ್ಟೋ ಭಾಗ ತರಬೇತಿಯೇ ಆಗಿಬಿಟ್ಟಿದೆ. 2023ರ ಏಪ್ರಿಲ್‌ನಲ್ಲಿ ಸುಡಾನಿನ ವಾದಿ ಸೈಯದ್ನಾ ಎಂಬಲ್ಲಿ, ದೀಪವಿಲ್ಲದ ಹಾಳು ರನ್‌ವೇ ಮೇಲೆ ನಮ್ಮ ಸಿ-130ಜೆ ಸಾಗಣೆ ವಿಮಾನ ರಾತ್ರಿ ಇಳಿದು 121 ಜನರನ್ನು ಕರೆತಂದಿತು. ಕತ್ತಲಲ್ಲಿ ಕಾಣುವ ಕನ್ನಡಕ ಹಾಕಿಕೊಂಡು ಇಳಿಯುವುದನ್ನು ಆ ಸಿಬ್ಬಂದಿ ಮೊದಲೇ ಎಷ್ಟೋ ಸಲ ಅಭ್ಯಾಸ ಮಾಡಿದ್ದರು.

ಪ್ರಶ್ನೆ ಕೇಳಿದವರು: ಸಮಾಜ ವಿಜ್ಞಾನ ಶಿಕ್ಷಕಿ, ತುಮಕೂರು

ಎಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮುದ್ರಿಸಿ ಆ ಹುಡುಗಿಗೆ ಕೊಟ್ಟೆ. ಬಾಂಬು ಉರುಳಿಸಿದ ಭಾಗವನ್ನು ಎರಡು ಸಲ ಓದಿದಳು. ತೀರ್ಪುಗಾರರಿಗೆ ಪತ್ರ ಬರೆಯೋಣವೇ ಎಂದು ಕೇಳಿದ್ದಕ್ಕೆ ಬೇಡ ಎಂದಳು. "ಹಾಗಾದರೆ ನನ್ನ ಕೊನೆಯ ವಾಕ್ಯ ತಪ್ಪು, ಅದನ್ನು ತೆಗೆಯುತ್ತೇನೆ ಮಿಸ್, ಆದರೆ ಆ ಜಾಗದಲ್ಲಿ ಏನು ಹಾಕಲಿ?" ಎಂದು ಕೇಳಿದಳು. ನನಗೂ ತೋಚಲಿಲ್ಲ. ಮಾಲೂರಿನ ಹಿರಿಯರು ಒಮ್ಮೆ ನಮ್ಮ ಶಾಲೆಗೆ ಬಂದು ಮಕ್ಕಳೊಂದಿಗೆ ಮಾತನಾಡಲು ಸಾಧ್ಯವೇ?

ಉತ್ತರ 6: ನಿವೃತ್ತ ವಾಯುಸೈನಿಕ, ಮಾಲೂರು

ಖಂಡಿತ ಬರುತ್ತೇನೆ ಮೇಡಂ. ಶನಿವಾರ ಬೆಳಗಿನ ತರಗತಿ ಇದ್ದರೆ ಅನುಕೂಲ, ಮೊದಲ ರೈಲಿಗೆ ಬೆಂಗಳೂರು ತಲುಪಿ ಅಲ್ಲಿಂದ ತುಮಕೂರಿಗೆ ಬರುತ್ತೇನೆ. ಭಾಷಣ ಬೇಡ. ಆರು ಅಡಿಯ ಒಂದು ಹಲಗೆ, ಅದರ ನಡುವೆ ಅಡ್ಡಲಾಗಿ ಇಡಲು ಒಂದು ಒನಕೆ ಮತ್ತು ಎಂಟು ಇಟ್ಟಿಗೆ ತೆಗೆದಿರಿಸಿ. ಹಲಗೆಯನ್ನು ಸಮವಾಗಿ ನಿಲ್ಲಿಸಿ, ಒಂದೊಂದೇ ಇಟ್ಟಿಗೆಯನ್ನು ಹಿಂದಕ್ಕೆ ಸರಿಸಿ ತುದಿಯಿಂದ ಬೀಳಿಸುವ ಕೆಲಸವನ್ನು ಆ ಹುಡುಗಿಯೇ ಮಾಡಲಿ, ಇನ್ನೊಂದು ತುದಿಯನ್ನು ಕೈಯಿಂದ ಹಿಡಿದು ಸಮ ಕಾಯುವುದಕ್ಕೆ ಬೈಕಿನ ಆ ಮೂವರು ಹುಡುಗರಲ್ಲಿ ಒಬ್ಬನನ್ನು ಕೂರಿಸೋಣ.